ಅಗ್ಗದ ಬೇಟೆ ರೈಫಲನ್ನು ಕೊಳ್ಳಬಹುದೆ?
ಅಮೆರಿಕದಲ್ಲಿ ಜಿಂಕೆಯ ಬೇಟೆ ಕಲಿಯಹೊರಟ ಕನ್ನಡಿಗರಿಗೆ ಕೆಲವು ಸೂಚನೆಗಳು

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ನೆಲೆಸಿರುವ ನಮ್ಮವರಲ್ಲಿ, ವಿಶೇಷವಾಗಿ ಕೊಡಗು ಮಲೆನಾಡುಗಳ ಕಡೆ ಕೋವಿಯಿದ್ದ ಮನೆಗಳಲ್ಲಿ ಬೆಳೆದು ಆ ದೇಶಕ್ಕೆ ಹೋದವರಲ್ಲಿ, ನೆರೆಹೊರೆಯವರು ಪ್ರತಿ ಶರತ್ಕಾಲದಲ್ಲಿಯೂ ಬಿಳಿಬಾಲದ ಜಿಂಕೆಯ ಬೇಟೆಗೆ ಹೊರಡುವುದನ್ನು ಕಂಡು, ತಾವೂ ಕಾನೂನಿನ ಕಟ್ಟಿಗೊಳಪಟ್ಟು ಆ ವಿದ್ಯೆಯನ್ನು ಕಲಿಯಬೇಕೆಂದು ಬಯಸುವವರು ಉಂಟು. ಅಂಥವರು ಬಂದೂಕಿನ ಅಂಗಡಿಯನ್ನು ಹೊಕ್ಕೊಡನೆ, ಗೋಡೆಯ ಒಂದು ಬದಿಯಲ್ಲಿ 400ರಿಂದ 600 ಡಾಲರ್ ಬೆಲೆಯ ಕಪ್ಪು ಪ್ಲಾಸ್ಟಿಕ್ಕಿನ ರೈಫಲುಗಳೂ, ಇನ್ನೊಂದು ಬದಿಯಲ್ಲಿ ಅದರ ಎರಡು ಮೂರು ಪಟ್ಟು ಬೆಲೆಯ, ಆಕ್ರೋಡು ಮರದ ಹಿಡಿಯುಳ್ಳ, ನೀಲವರ್ಣದ ಉಕ್ಕು ಥಳಥಳಿಸುವ ರೈಫಲುಗಳೂ ಸಾಲಾಗಿ ನಿಂತಿರುವುದನ್ನು ಕಂಡು, ಮೊದಲನೆಯದನ್ನು ಕೊಂಡರೆ ಹಣ ವ್ಯರ್ಥವಾದೀತೇನೋ, ಎರಡನೆಯದನ್ನು ಕೊಳ್ಳದಿದ್ದರೆ ಬೇಟೆಯೇ ಕೆಟ್ಟೀತೇನೋ ಎಂಬ ದ್ವಂದ್ವದಲ್ಲಿ ಸಿಲುಕುತ್ತಾರೆ. ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ: ಅಗ್ಗದ ರೈಫಲು ಕೊಳ್ಳಲು ಯೋಗ್ಯವಾದುದೇ, ಆದರೆ ಅದರಿಂದ ಉಳಿದ ಹಣವನ್ನು ಜೇಬಿಗೆ ಹಾಕಿಕೊಳ್ಳದೆ ಸ್ಕೋಪೆಂಬ ಗುರಿಯ ದುರ್ಬೀನಿಗೂ ತೋಟಾಗಳಿಗೂ ಅಭ್ಯಾಸಕ್ಕೂ ವೆಚ್ಚಮಾಡುವ ಸಂಕಲ್ಪವುಳ್ಳವನಿಗೆ ಮಾತ್ರ.

ಇಲ್ಲಿ ಹೇಳುವುದೆಲ್ಲವೂ ಅಮೆರಿಕಕ್ಕೆ ಸಂಬಂಧಿಸಿದ್ದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಬಂದ ಮೇಲೆ ಬೇಟೆ ನಿಷಿದ್ಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದಿರುವ ವಿನಾಯಿತಿ ಕೋವಿಯನ್ನು ಇರಿಸಿಕೊಳ್ಳುವ ಪರವಾನಗಿಗೆ ಸಂಬಂಧಪಟ್ಟದ್ದೇ ಹೊರತು ಬೇಟೆಯಾಡುವುದಕ್ಕಲ್ಲ. ಆ ವಿನಾಯಿತಿಗೆ ಅಮೆರಿಕದ ಕಾನೂನಿನಲ್ಲಿ ಯಾವ ಸ್ಥಾನವೂ ಇಲ್ಲ.

ಮೊದಲು ಕಾನೂನು, ಅನಂತರ ಕೋವಿ

ಅಮೆರಿಕದ ಪ್ರಜೆಯಾಗಿರುವವನಿಗೂ, ಗ್ರೀನ್ ಕಾರ್ಡ್ ಹೊಂದಿ ಶಾಶ್ವತ ನಿವಾಸಿಯಾಗಿರುವವನಿಗೂ ಕೇಂದ್ರ ಕಾನೂನಿನ ಮಟ್ಟಿಗೆ ದಾರಿ ಸರಳವಾದುದು: 18 ವರ್ಷ ತುಂಬಿದ್ದು, ಅಪರಾಧದ ದಾಖಲೆಯಿಲ್ಲದಿದ್ದರೆ, ಕೇಂದ್ರ ಸರ್ಕಾರದ ಪರವಾನಗಿ ಪಡೆದ ವ್ಯಾಪಾರಿಯ ಅಂಗಡಿಯಲ್ಲಿ 4473 ಎಂಬ ಸಂಖ್ಯೆಯ ನಮೂನೆಯನ್ನು ತುಂಬಿಕೊಟ್ಟು, ಎಫ್‌ಬಿಐ 1998ರಿಂದ ನಡೆಸಿಕೊಂಡು ಬಂದಿರುವ ಹಿನ್ನೆಲೆ ಪರಿಶೀಲನೆಯಲ್ಲಿ ಉತ್ತೀರ್ಣನಾದರೆ ರೈಫಲು ಅವನ ಕೈಸೇರುತ್ತದೆ. ಆದರೆ ನಮ್ಮವರಲ್ಲಿ ಅನೇಕರು ಎಚ್-1ಬಿ, ಎಲ್-1, ಎಫ್-1 ಮೊದಲಾದ ತಾತ್ಕಾಲಿಕ ವೀಸಾಗಳ ಮೇಲೆ ಇರತಕ್ಕವರು. ಅಂಥವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸಿದೆ. ಆ ನಿಷೇಧಕ್ಕಿರುವ ಕೆಲವೇ ಅಪವಾದಗಳಲ್ಲಿ ಮುಖ್ಯವಾದದ್ದು, ಯಾವುದಾದರೊಂದು ರಾಜ್ಯ ಕ್ರಮಬದ್ಧವಾಗಿ ಕೊಟ್ಟಿರುವ, ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ. ಇದರ ತಾತ್ಪರ್ಯವನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಪರವಾನಗಿಯಿಲ್ಲದೆ ಗೆಳೆಯನ ರೈಫಲನ್ನು ಗುರಿ ಅಭ್ಯಾಸದ ಮೈದಾನದಲ್ಲಿ ಕೈಗೆತ್ತಿಕೊಳ್ಳುವುದೂ ಅಪರಾಧವಾದೀತು. ಮನೆಯಲ್ಲಿ ಕೋವಿ ಇರುವಾಗ ಪರವಾನಗಿಯ ಅವಧಿ ಮುಗಿದು ನವೀಕರಣವಾಗದೆ ಉಳಿದರೂ ಅಪರಾಧವಾದೀತು. ಅವಧಿ ಮುಗಿಯುವ ದಿನಾಂಕವನ್ನು ವೀಸಾದ ದಿನಾಂಕದಷ್ಟೇ ಜಾಗರೂಕತೆಯಿಂದ ಗುರುತುಹಾಕಿಕೊಳ್ಳಿರಿ. ನಮೂನೆಯಲ್ಲಿ ತಿಳಿದೂ ಸುಳ್ಳು ಬರೆಯುವುದಾಗಲಿ, ಇನ್ನೊಬ್ಬನಿಗಾಗಿ ತನ್ನ ಹೆಸರಿನಲ್ಲಿ ಕೊಳ್ಳುವುದಾಗಲಿ ಗುರುತರ ಅಪರಾಧ. ಅದರ ಫಲ ದಂಡ ಸೆರೆಮನೆಗಳಿಗೆ ನಿಲ್ಲದೆ ಆ ದೇಶದಲ್ಲಿರುವ ಹಕ್ಕನ್ನೇ ಕಳೆಯಬಹುದು. ಸ್ವಲ್ಪವೂ ಸಂದೇಹವಿದ್ದರೆ ವಲಸೆಯ ಕಾನೂನನ್ನು ಬಲ್ಲ ವಕೀಲರನ್ನು ಕೇಳದೆ ಮುಂದುವರಿಯಕೂಡದು.

ಬೇಟೆಯ ಪರವಾನಗಿ ಬೇಕೆಂದರೆ ಬಹುಪಾಲು ರಾಜ್ಯಗಳಲ್ಲಿ ಹೊಸಬರು ಬೇಟೆಗಾರರ ಶಿಕ್ಷಣವೆಂಬ ತರಗತಿಯಲ್ಲಿ ಉತ್ತೀರ್ಣರಾಗಬೇಕು. ಆಯುಧದ ಸುರಕ್ಷಿತ ನಿರ್ವಹಣೆ, ಪ್ರಾಣಿಗಳ ಶರೀರರಚನೆ, ಋತು ಮತ್ತು ಸಂಖ್ಯೆಯ ಕಟ್ಟಳೆಗಳು, ಭೂಮಾಲಿಕರೊಡನೆ ನಡೆದುಕೊಳ್ಳುವ ರೀತಿ ಇವೆಲ್ಲವನ್ನೂ ಅಲ್ಲಿ ಕಲಿಸುತ್ತಾರೆ. ಕೋವಿಯನ್ನು ಹುಟ್ಟಿನಿಂದ ಬಲ್ಲೆನೆನ್ನುವವನೂ ಅಂತರಜಾಲದ ಪಾಠಕ್ಕೆ ತೃಪ್ತನಾಗದೆ, ಮೈದಾನದಲ್ಲಿ ಕೈಹಿಡಿದು ಕಲಿಸುವ ತರಗತಿಗೆ ಹೋಗುವುದು ಮೇಲು. ಅಲ್ಲಿ ದೊರೆಯುವ ಹಿರಿಯ ಬೇಟೆಗಾರರ ಪರಿಚಯಕ್ಕೆ ಬೆಲೆ ಕಟ್ಟಲಾಗದು.

ಇದಾದ ಮೇಲೆ, ಅಂಗಡಿಗೆ ಹೋಗುವ ಮುನ್ನವೇ, ನಿಮ್ಮ ರಾಜ್ಯದಲ್ಲಿ ಜಿಂಕೆಯ ಬೇಟೆಗೆ ರೈಫಲು ಸಲ್ಲುವುದೇ ಎಂಬುದನ್ನು ನೋಡಿಕೊಳ್ಳತಕ್ಕದ್ದು. ಕನ್ನಡಿಗರು ಹೇರಳವಾಗಿರುವ ನ್ಯೂಜೆರ್ಸಿಯಲ್ಲಿ ಜಿಂಕೆಯನ್ನು ಇಂಥ ರೈಫಲಿನಿಂದ ಹೊಡೆಯುವಂತಿಲ್ಲ. ಅಲ್ಲಿ ಬಿಲ್ಲು, ಚರೆಕೋವಿ, ಮದ್ದುತುಂಬುವ ಕೋವಿ ಇವೇ ಸಲ್ಲತಕ್ಕವು. ಮ್ಯಾಸಚೂಸೆಟ್ಸಿನಲ್ಲಿಯೂ ಜಿಂಕೆಗೆ ರೈಫಲು ವರ್ಜ್ಯ. ಒಹಾಯೊದಲ್ಲಿ ಕತ್ತು ಕಿರಿದಾಗದ ನೇರಗೋಡೆಯ ತೋಟಾಗಳನ್ನು ಹಾರಿಸುವ ರೈಫಲುಗಳಿಗೆ ಮಾತ್ರ ಅನುಮತಿ. ನ್ಯೂಜೆರ್ಸಿಯವನು ಪಕ್ಕದ ಪೆನ್ಸಿಲ್ವೇನಿಯಕ್ಕೆ ಹೋಗಿ ಅಲ್ಲಿನ ಪರವಾನಗಿ ಪಡೆದು ಬೇಟೆಯಾಡುವುದು ಸಾಧ್ಯ. ಆದರೆ ಅವನು ಬಂದೂಕು ಕೊಳ್ಳಲು ತನ್ನ ರಾಜ್ಯದ ಗುರುತಿನ ಚೀಟಿಯನ್ನು ಪ್ರತ್ಯೇಕವಾಗಿ ಪಡೆಯಬೇಕು. ಇಲಿನಾಯಿಯಲ್ಲಿಯೂ ಇಂಥದೇ ಚೀಟಿ ಬೇಕು. ಪ್ರತಿ ರಾಜ್ಯದ ವನ್ಯಜೀವಿ ಇಲಾಖೆಯೂ ವರ್ಷವರ್ಷವೂ ನಿಯಮಗಳ ಕೈಪಿಡಿಯೊಂದನ್ನು ಹೊರಡಿಸುತ್ತದೆ. ನಿಯಮಗಳು ಬದಲಾಗುತ್ತಿರುವುದರಿಂದ ಆ ವರ್ಷದ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು.

ಬೆಲೆ ಇಳಿದದ್ದು ಹೇಗೆ

ಅಗ್ಗವೆಂದರೆ ಕಳಪೆಯೆಂಬ ಭಾವನೆ ನಮ್ಮಲ್ಲಿ ಬೇರೂರಿರುವುದರಿಂದ, ಈ ರೈಫಲುಗಳು ಅಗ್ಗವಾದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ತಿಳಿಯುವುದು ಉಚಿತ. 1936ರಲ್ಲಿ ಹೊರಬಂದ ವಿಂಚೆಸ್ಟರ್ ಮಾಡೆಲ್ 70ನ್ನು ಇಂದಿಗೂ ಹಿರಿಯ ಬೇಟೆಗಾರರು ಗೌರವದಿಂದ ನೆನೆಯುತ್ತಾರೆ. ಉಕ್ಕಿನ ಘನಪಿಂಡವನ್ನು ಕೊರೆದು ಕಡೆದು ರೂಪಿಸಿ, ನುರಿತ ಕುಶಲಕರ್ಮಿಯ ಕೈಯಲ್ಲಿ ಒಂದೊಂದು ಭಾಗವನ್ನೂ ಹೊಂದಿಸಿ ಸಿದ್ಧಪಡಿಸುತ್ತಿದ್ದ ಆಯುಧ ಅದು. ಎರಡನೆಯ ಮಹಾಯುದ್ಧಾನಂತರ ಕೂಲಿಯ ದರ ಏರಿದಾಗ ಆ ಕ್ರಮ ದುಬಾರಿಯಾಯಿತು. 1948ರಲ್ಲಿ ರೆಮಿಂಗ್ಟನ್ ಸಂಸ್ಥೆಯ ಮೈಕ್ ವಾಕರ್ ಮತ್ತು ಅವರ ಸಂಗಡಿಗರು, ನಳಿಗೆಯನ್ನು ಕೂರಿಸುವ ರಿಸೀವರನ್ನು ಚೌಕಾಕಾರವಾಗಿ ಕಡೆಯುವುದನ್ನು ಬಿಟ್ಟು, ದುಂಡನೆಯ ಉಕ್ಕಿನ ಸಲಾಕೆಯಿಂದ ಲೇತ್ ಯಂತ್ರದ ಮೇಲೆ ಕೊಳವೆಯಂತೆ ತಿರುಗಿಸಿ ತೆಗೆಯುವ ವಿಧಾನವನ್ನು 721 ಮತ್ತು 722 ಎಂಬ ಮಾದರಿಗಳಲ್ಲಿ ಜಾರಿಗೆ ತಂದರು; ಅದೇ ಮುಂದೆ 1962ರ ಮಾಡೆಲ್ 700ಕ್ಕೆ ಬುನಾದಿಯಾಯಿತು. 1958ರ ಸ್ಯಾವೇಜ್ ಮಾಡೆಲ್ 110 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತೋಟಾ ನಳಿಗೆಯ ಬುಡದಲ್ಲಿ ಕುಳಿತಾಗ ಅದರ ಹಿಂದೆ ಬಾಗಿಲಿನಂತೆ ಮುಚ್ಚುವ ಬೋಲ್ಟಿಗೂ ಅದಕ್ಕೂ ಇರತಕ್ಕ ಅಂತರ ಕೂದಲೆಳೆಯಷ್ಟೂ ತಪ್ಪಬಾರದು. ಹೆಚ್ಚಾದರೆ ತೋಟಾದ ಕವಚ ಸೀಳೀತು, ಕಡಮೆಯಾದರೆ ಬೋಲ್ಟು ಮುಚ್ಚದು. ಆ ಅಂತರವನ್ನು ಹಿಂದೆ ನಿಪುಣನು ಗಂಟೆಗಟ್ಟಲೆ ಅರದಿಂದ ಉಜ್ಜಿ ಸರಿಪಡಿಸುತ್ತಿದ್ದ. ಸ್ಯಾವೇಜಿನವರು ನಳಿಗೆಯ ಬುಡಕ್ಕೆ ತಿರುಪಿನ ನಟ್ಟೊಂದನ್ನು ತೊಡಿಸಿ, ಅಳತೆಯ ಗೇಜನ್ನಿಟ್ಟು ನಳಿಗೆಯನ್ನು ತಿರುಗಿಸಿ ನಟ್ಟನ್ನು ಬಿಗಿದರೆ ನಿಮಿಷಗಳಲ್ಲಿ ಕೆಲಸ ಮುಗಿಯುವಂತೆ ಮಾಡಿದರು; ಬೆಲೆ ಇಳಿಯಿತು, ನಿಖರತೆ ಮಾತ್ರ ಇಳಿಯಲಿಲ್ಲ.

ಮಿತವ್ಯಯವೆಲ್ಲವೂ ಹೀಗೆ ಸತ್ಫಲವನ್ನೇ ಕೊಟ್ಟಿತೆಂದು ಹೇಳುವಂತಿಲ್ಲ. 1964ರಲ್ಲಿ ವಿಂಚೆಸ್ಟರಿನವರು ಮಾಡೆಲ್ 70ರ ರಚನೆಯನ್ನೇ ಅಗ್ಗವಾಗಿಸಹೊರಟು, ತೋಟಾವನ್ನು ಗಟ್ಟಿಯಾಗಿ ಕಚ್ಚಿ ಹಿಡಿಯುತ್ತಿದ್ದ ದೊಡ್ಡ ಉಗುರನ್ನು ತೆಗೆದುಹಾಕಿ, ಮರದ ಕೆಲಸದಲ್ಲಿಯೂ ಕೈ ಬಿಗಿಹಿಡಿದಾಗ, ಅಭಿಮಾನಿಗಳಾಗಿದ್ದ ಬೇಟೆಗಾರರೇ ಅದನ್ನು ತಿರಸ್ಕರಿಸಿದರು. ಅರುವತ್ತನಾಲ್ಕಕ್ಕೆ ಹಿಂದಿನ ರೈಫಲುಗಳಿಗೆ ಹಳೆಯ ಪೇಟೆಯಲ್ಲಿ ಇಂದೂ ಹೆಚ್ಚಿನ ಬೆಲೆಯಿದೆ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬ ವಿವೇಕ ತಯಾರಕರಿಗೆ ಬರಲು ಇನ್ನೂ ದಶಕಗಳು ಬೇಕಾದುವು. 2010ರಲ್ಲಿ ಎಡ್ಜ್ ಎಂಬ ಹೆಸರಿನಲ್ಲಿ ಹೊರಟು ಮರುವರ್ಷವೇ ಆಕ್ಸಿಸ್ ಎಂದು ಹೆಸರು ಬದಲಿಸಿಕೊಂಡ ಸ್ಯಾವೇಜ್ ರೈಫಲೂ, 2012ರಲ್ಲಿ ಪೇಟೆಗೆ ಬಂದ ರೂಗರ್ ಅಮೆರಿಕನ್ ರೈಫಲೂ, 2015ರ ಮಾಸ್‌ಬರ್ಗ್ ಪೇಟ್ರಿಯಟ್ ರೈಫಲೂ ಈ ವಿವೇಕದ ಫಲಗಳು. ರೂಗರಿನವರು ನಳಿಗೆಯನ್ನು ಗಡುಸಾದ ಅಚ್ಚಿನ ಮೇಲೆ ಸುತ್ತಿಗೆಯ ಯಂತ್ರದಿಂದ ತಣ್ಣಗೆ ಬಡಿದು, ಒಳಗಿನ ಸುರುಳಿಗೆರೆಗಳನ್ನು ಒಂದೇ ಬಾರಿಗೆ ಮೂಡಿಸುತ್ತಾರೆ; ಯಂತ್ರ ದುಬಾರಿ, ಆದರೆ ನಳಿಗೆಗಳ ಸಂಖ್ಯೆ ಹೆಚ್ಚಿದಂತೆ ಒಂದೊಂದಕ್ಕೆ ಬೀಳುವ ವೆಚ್ಚ ಅತ್ಯಲ್ಪ. ಗುಂಡನ್ನು ಗುರಿಗೆ ಒಯ್ಯುವ ನಳಿಗೆ, ತೋಟಾವನ್ನು ಬಂಧಿಸುವ ಬೋಲ್ಟು, ಇವೆರಡರಲ್ಲಿ ಈ ರೈಫಲುಗಳು ದುಬಾರಿಯವುಗಳಿಗೆ ಬಹಳ ಹಿಂದೆ ಬಿದ್ದಿಲ್ಲ. ಹಣ ಉಳಿದಿರುವುದು ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಹಿಡಿಮರದಲ್ಲಿ, ಪ್ಲಾಸ್ಟಿಕ್ ಮ್ಯಾಗಜೀನಿನಲ್ಲಿ, ಹೊಳಪಿಲ್ಲದ ಲೇಪದಲ್ಲಿ, ಎಳೆಯುವಾಗ ಗರಗರನೆ ಸದ್ದು ಮಾಡುವ ಬೋಲ್ಟಿನ ಓಟದಲ್ಲಿ. ಇವು ಕೈಗೂ ಕಣ್ಣಿಗೂ ತಿಳಿಯುವ ಕೊರತೆಗಳು. ಜಿಂಕೆಗೆ ಬೀಳುವ ಗುಂಡಿನ ಮೇಲೆ ಇವುಗಳ ಪ್ರಭಾವ ಅಲ್ಪ.

ನೀವು ತೆರುವ ಬೆಲೆಯಲ್ಲಿ ಇನ್ನೊಂದು ಅಂಶವೂ ಅಡಗಿದೆ. 1937ರ ಪಿಟ್‌ಮನ್-ರಾಬರ್ಟ್ಸನ್ ಕಾಯಿದೆಯ ಪ್ರಕಾರ ರೈಫಲು ಮತ್ತು ತೋಟಾಗಳ ಮೇಲೆ ತಯಾರಕನ ಬೆಲೆಗೆ ಶೇಕಡ 11ರ ಸುಂಕವಿದ್ದು, ಆ ಹಣ ರಾಜ್ಯಗಳ ವನ್ಯಜೀವಿ ಸಂರಕ್ಷಣೆಗೂ ಬೇಟೆಗಾರರ ಶಿಕ್ಷಣಕ್ಕೂ ಸಲ್ಲುತ್ತದೆ. ಅಮೆರಿಕದ ಈ ವ್ಯವಸ್ಥೆಯನ್ನು ನಾನು ತುಂಬ ಗೌರವಿಸುತ್ತೇನೆ.

ಎಷ್ಟು ನಿಖರತೆ ಸಾಕು

ಜಿಂಕೆಯ ಹೃದಯ ಶ್ವಾಸಕೋಶಗಳಿರುವ ಭಾಗ ಸುಮಾರು 8 ಅಂಗುಲ ವ್ಯಾಸದ ವೃತ್ತವೆಂದು ಬೇಟೆಗಾರರು ಲೆಕ್ಕ ಹಿಡಿಯುತ್ತಾರೆ. ಅಗ್ಗದ ರೈಫಲು ತನಗೆ ಒಗ್ಗಿದ ತೋಟಾದೊಡನೆ 100 ಗಜ ದೂರದಲ್ಲಿ ಮೂರು ಗುಂಡುಗಳನ್ನು ಒಂದೂವರೆ ಅಂಗುಲದೊಳಗೆ ಇಡುತ್ತದೆಂದು ಭಾವಿಸೋಣ. ಹಲವು ರೈಫಲುಗಳು ಇದಕ್ಕಿಂತ ಚೆನ್ನಾಗಿಯೇ ಹೊಡೆಯುತ್ತವೆ. 200 ಗಜದಲ್ಲಿ ಆ ಹರವು 3 ಅಂಗುಲ, ಎಂದರೆ ನಡುವಿನಿಂದ ಯಾವ ಕಡೆಗೂ ಒಂದೂವರೆ ಅಂಗುಲ. ವೃತ್ತದ ತ್ರಿಜ್ಯ 4 ಅಂಗುಲವಾಗಿರುವುದರಿಂದ ಇನ್ನೂ ಎರಡೂವರೆ ಅಂಗುಲದ ಅವಕಾಶ ಉಳಿಯಿತು. ಎರಡು ಪಟ್ಟು ಬೆಲೆಯ ರೈಫಲು ಈ ಲೆಕ್ಕದಲ್ಲಿ ಅರ್ಧ ಮುಕ್ಕಾಲು ಅಂಗುಲವನ್ನು ಗಳಿಸಿಕೊಟ್ಟೀತು. ಓಡಿ ಏದುಸಿರು ಬಿಡುತ್ತ ನಿಂತು ಗುರಿ ಹಿಡಿದ ಮನುಷ್ಯನ ಕೈಯಾದರೋ ಅರೆಕ್ಷಣದಲ್ಲಿ ಅಡಿಗಟ್ಟಲೆ ತಪ್ಪಬಲ್ಲದು. ತಪ್ಪಿದ ಗುಂಡು ಹೊಟ್ಟೆಗೋ ಕಾಲಿಗೋ ತಗುಲಿದರೆ ಆ ಮೂಕಪ್ರಾಣಿ ಪೊದೆಯೊಳಗೆ ಹೊಕ್ಕು ಗಂಟೆಗಟ್ಟಲೆ ನರಳಿ ಸಾಯುತ್ತದೆ. ಆಹಾರಕ್ಕಾಗಿ ಒಂದು ಜೀವವನ್ನು ತೆಗೆಯಲು ಒಪ್ಪಿದವನು ಆ ಜೀವಕ್ಕೆ ಕ್ಷಣಮಾತ್ರದ ಮರಣವನ್ನು ಕೊಡಲು ಬದ್ಧನು. ಈ ಲೇಖನದ ಎಲ್ಲ ಸೂಚನೆಗಳೂ ಈ ಒಂದು ಋಣದಿಂದ ಹೊರಟವು.

ತೋಟಾದ ಆಯ್ಕೆ

ಹೊಸಬನು ಮಾಡುವ ದೊಡ್ಡ ತಪ್ಪು ದೊಡ್ಡ ತೋಟಾವನ್ನು ಆರಿಸಿಕೊಳ್ಳುವುದು. ಅಗ್ಗದ ರೈಫಲುಗಳು ಹಗುರವಾದವು, ಸ್ಕೋಪಿಲ್ಲದೆ ಆರೂವರೆ ಪೌಂಡಿನ ಆಸುಪಾಸು ತೂಗತಕ್ಕವು. ರೈಫಲು ಹಗುರವಾದಷ್ಟೂ ಹೆಗಲಿಗೆ ಬೀಳುವ ಒದೆತ ಹೆಚ್ಚು. ಒದೆತಕ್ಕೆ ಅಂಜಿದವನು ಟ್ರಿಗರನ್ನು ಎಳೆಯುವ ಕ್ಷಣದಲ್ಲಿ ತನಗರಿವಿಲ್ಲದೆಯೇ ಕಣ್ಣುಮುಚ್ಚಿ ಮೈ ಬಿಗಿಯುತ್ತಾನೆ. ಒಮ್ಮೆ ಅಂಟಿದ ಆ ಅಭ್ಯಾಸ ವರ್ಷಗಳವರೆಗೂ ಬಿಡದು. 1906ರಿಂದ ಬಳಕೆಯಲ್ಲಿರುವ .30-06 ತೋಟಾ ಉತ್ತಮವಾದುದೇ, ಆದರೆ ಹಗುರ ರೈಫಲಿನಲ್ಲಿ ಕಲಿಯುವವನಿಗೆ ಕಠಿನ; 1955ರ .243 ವಿಂಚೆಸ್ಟರಿನ ಒದೆತ ಅದರ ಸುಮಾರು ಅರ್ಧ. ಇವುಗಳ ನಡುವೆ 6.5 ಕ್ರೀಡ್‌ಮೂರ್, 7 ಮಿಲಿಮೀಟರ್-08 ರೆಮಿಂಗ್ಟನ್, .308 ವಿಂಚೆಸ್ಟರ್ ಇವೆ. ನನ್ನನ್ನು ಕೇಳಿದರೆ, ಮೈಕಟ್ಟು ಸಣ್ಣದಾಗಿದ್ದವರಿಗೂ ಹೆಣ್ಣುಮಕ್ಕಳಿಗೂ ಹಿಂದೆ ಎಂದೂ ರೈಫಲು ಹಿಡಿಯದವರಿಗೂ 6.5 ಕ್ರೀಡ್‌ಮೂರನ್ನೋ 7-08ನ್ನೋ ಹೇಳುತ್ತೇನೆ. ಯಾವ ಹಳ್ಳಿಯ ಅಂಗಡಿಯಲ್ಲಿಯೂ ತೋಟಾ ದೊರೆಯಬೇಕೆನ್ನುವವರಿಗೆ .308 ಹೇಳುತ್ತೇನೆ. ಒಹಾಯೊದಲ್ಲಿರುವವರು 2019ರಲ್ಲಿ ಬಂದ ನೇರಗೋಡೆಯ .350 ಲೆಜೆಂಡನ್ನು ನೋಡಬಹುದು. ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಸಂಪೂರ್ಣವಾಗಿ ನಿಷಿದ್ಧವಾಗಿರುವುದರಿಂದ ಅಲ್ಲಿನವರು ತಾಮ್ರದ ಗುಂಡುಗಳ ತೋಟಾಗಳನ್ನೇ ಕೊಳ್ಳಬೇಕು.

ಅಂಗಡಿಯಲ್ಲಿ ಪರೀಕ್ಷೆ

ರೈಫಲನ್ನು ಕೈಗೆ ಕೊಟ್ಟೊಡನೆ ಮೂತಿಯನ್ನು ಯಾರ ಕಡೆಗೂ ತಿರುಗಿಸದೆ, ಬೋಲ್ಟನ್ನು ತೆರೆದು, ತೋಟಾ ಇಲ್ಲವೆಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿರಿ; ವ್ಯಾಪಾರಿ ಆಗಲೇ ನೋಡಿದ್ದರೂ ನೋಡಬೇಕು. ಬಳಿಕ ಕಣ್ಣುಮುಚ್ಚಿ ಹೆಗಲಿಗೇರಿಸಿ ಕಣ್ಣು ತೆರೆಯಿರಿ. ಕೆನ್ನೆ ತಾನಾಗಿ ಹಿಡಿಮರದ ಮೇಲೆ ಕುಳಿತು ಕಣ್ಣು ದುರ್ಬೀನಿನ ನಡುವಿಗೆ ಬರುವುದಾದರೆ ಅಳತೆ ಹೊಂದಿತು. ಕತ್ತು ಚಾಚಬೇಕಾದರೆ ಹಿಡಿಮರ ಉದ್ದವಾಯಿತು. ಆಗ ಗಿಡ್ಡ ಹಿಡಿಮರದ ಮಾದರಿಯನ್ನು ಕೇಳಬೇಕು. ನಮ್ಮವರಲ್ಲಿ ಅನೇಕರಿಗೆ ಅಮೆರಿಕನ್ನರ ಎತ್ತರಕ್ಕೆ ರೂಪಿಸಿದ ಸಾಮಾನ್ಯ ಹಿಡಿಮರ ಉದ್ದವೆನಿಸುವುದು. ಚಳಿಯ ದಪ್ಪ ಕೋಟನ್ನು ತೊಟ್ಟಾಗ ಇನ್ನೂ ಉದ್ದವಾದೀತು. ಎಡಗೈಯವರು ಎಡಗೈಯ ಮಾದರಿಯನ್ನೇ ಕೇಳಿರಿ. ಆಕ್ಸಿಸ್ ಮತ್ತು ಅಮೆರಿಕನ್ ಎರಡರಲ್ಲಿಯೂ ಅದು ಉಂಟು.

ಇನ್ನು ಹಿಡಿಮರದ ಮುಂಭಾಗವನ್ನು ನಳಿಗೆಯ ಕಡೆಗೆ ಬೆರಳಿನಿಂದ ಒತ್ತಿರಿ. ಅಗ್ಗದ ರೈಫಲಿನ ನಿಜವಾದ ದೌರ್ಬಲ್ಯ ಇರುವುದು ಇಲ್ಲಿ. ನಳಿಗೆ ಯಾವುದಕ್ಕೂ ತಾಗದೆ ಸ್ವತಂತ್ರವಾಗಿ ಕಂಪಿಸಿದರೆ ಗುಂಡುಗಳು ಒಂದೇ ಕಡೆ ಬೀಳುತ್ತವೆ. ಬಳುಕುವ ಪ್ಲಾಸ್ಟಿಕ್ಕು ಒತ್ತಡಕ್ಕೆ ಬಾಗಿ ನಳಿಗೆಗೆ ಒಂದು ಸಲ ತಾಗಿ ಇನ್ನೊಂದು ಸಲ ತಾಗದಿದ್ದರೆ ಗುಂಡು ಬೀಳುವ ಜಾಗವೂ ಹಾಗೆಯೇ ಅಲೆಯುತ್ತದೆ. ಸ್ವಲ್ಪ ಬಳುಕು ಎಲ್ಲದರಲ್ಲಿಯೂ ಇದ್ದದ್ದೇ. ಒಂದು ಬೆರಳಿನ ಒತ್ತಡಕ್ಕೇ ತಾಗುವುದಾದರೆ ಆ ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿರಿ. ಬೋಲ್ಟನ್ನು ಹತ್ತಾರು ಬಾರಿ ತೆರೆದು ಮುಚ್ಚಿರಿ. ರೂಗರಿನ ಬೋಲ್ಟಿಗೆ ಮೂರು ಹಲ್ಲುಗಳಿದ್ದು 70 ಡಿಗ್ರಿ ಎತ್ತಿದರೆ ಸಾಕು, ಆಕ್ಸಿಸಿನದನ್ನು 90 ಡಿಗ್ರಿ ಎತ್ತಬೇಕು. ಸ್ಕೋಪಿನ ಕೆಳಗೆ ಕೈಬೆರಳು ಆಡಲು ಮೊದಲನೆಯದು ಅನುಕೂಲ. ಒರಟುತನಕ್ಕೆ ಹೆದರಬೇಕಾಗಿಲ್ಲ, ಬಳಕೆಯಿಂದ ಅದು ನಯವಾಗುತ್ತ ಬರುತ್ತದೆ. ಟ್ರಿಗರನ್ನು, ವ್ಯಾಪಾರಿಯ ಅಪ್ಪಣೆ ಪಡೆದು, ಎಳೆದು ನೋಡಿರಿ. ರೂಗರಿನದನ್ನು 3ರಿಂದ 5 ಪೌಂಡಿನವರೆಗೆ ಹೊಂದಿಸಬಹುದು. ಆಕ್ಸಿಸಿನ ಮೊದಲ ಮಾದರಿಯ ಟ್ರಿಗರು ಬಿಗಿಯಾದುದು, ಹೊಂದಿಸಲಾಗದು. ಆದ್ದರಿಂದ ಸ್ವಲ್ಪ ಹೆಚ್ಚು ಕೊಟ್ಟು, ಹೊಂದಿಸಬಹುದಾದ ಅಕ್ಯುಟ್ರಿಗರ್ ಇರುವ ಆಕ್ಸಿಸ್ 2 ಕೊಳ್ಳುವುದೇ ಸರಿ; ನಾನು ಹೇಳುವ ಮಿತವ್ಯಯಕ್ಕೆ ಇದೊಂದು ಅಪವಾದ. ಮ್ಯಾಗಜೀನನ್ನು ಹಲವು ಬಾರಿ ತೆಗೆದು ಹಾಕಿ, ಕಚ್ಚು ಗಟ್ಟಿಯಾಗಿ ಕೂರುವುದೇ ಎಂದು ನೋಡಿದರೆ ಅಂಗಡಿಯ ಪರೀಕ್ಷೆ ಮುಗಿಯಿತು.

ಸಾವಿರ ಡಾಲರಿನ ವಿನಿಯೋಗ

ಒಟ್ಟು 1,000 ಡಾಲರ್ ತೆಗೆದಿಟ್ಟವನು 450ನ್ನು ರೈಫಲಿಗೂ, 250ನ್ನು ಸ್ಕೋಪಿಗೂ, 50ನ್ನು ಅದನ್ನು ಕೂರಿಸುವ ಬಳೆಗಳಿಗೂ, 150ನ್ನು ತೋಟಾಗಳಿಗೂ, 50ನ್ನು ಕಿವಿ ಕಣ್ಣುಗಳ ರಕ್ಷಣೆಗೂ, 50ನ್ನು ಬೀಗ ಮತ್ತು ಶುದ್ಧಿಯ ಸಾಮಗ್ರಿಗೂ ಹಂಚುವುದು ನನಗೆ ಸಮಂಜಸವಾಗಿ ತೋರುತ್ತದೆ. ಬೆಲೆಗಳು ಊರಿಂದೂರಿಗೆ ವ್ಯತ್ಯಾಸವಾದರೂ ಈ ಪ್ರಮಾಣವನ್ನು ಕೆಡಿಸಬಾರದು. ರೈಫಲಿನೊಡನೆಯೇ ಸ್ಕೋಪನ್ನು ಜೋಡಿಸಿ ಒಂದೇ ಪೆಟ್ಟಿಗೆಯಲ್ಲಿ ಮಾರುವ ಕ್ರಮವುಂಟು; ಐವತ್ತೋ ನೂರೋ ಡಾಲರಿನ ವ್ಯತ್ಯಾಸಕ್ಕೆ ಸಿಗುವ ಆ ಸ್ಕೋಪು ಪ್ರಾಯಶಃ ಇಡೀ ಪೆಟ್ಟಿಗೆಯ ಅತ್ಯಂತ ದುರ್ಬಲವಾದ ಭಾಗ. ಜಿಂಕೆ ಬಯಲಿಗೆ ಬರುವುದು ಬೆಳಗಿನ ಮತ್ತು ಸಂಜೆಯ ಮಬ್ಬಿನಲ್ಲಿ. ಅಗ್ಗದ ಗಾಜು ಮಸುಕಾಗುವುದೂ ಅದೇ ಹೊತ್ತಿನಲ್ಲಿ. ಮೂರರಿಂದ ಒಂಬತ್ತರವರೆಗೆ ವರ್ಧನವುಳ್ಳ, 40 ಮಿಲಿಮೀಟರ್ ಗಾಜಿನ ಸರಳವಾದ ಸ್ಕೋಪು ಜಿಂಕೆಗೆ ಯಥೇಷ್ಟ. ಲ್ಯೂಪೋಲ್ಡ್, ವೋರ್ಟೆಕ್ಸ್ ಮೊದಲಾದವರ ಕೆಳದರ್ಜೆಯ ಮಾದರಿಗಳೂ ಈ ಕೆಲಸಕ್ಕೆ ತಕ್ಕವು. ಕಿವಿಯ ರಕ್ಷಣೆಯನ್ನು ಯಾರೂ ಅಲಕ್ಷಿಸಕೂಡದು. ಇಂಥ ರೈಫಲಿನ ಒಂದೇ ಈಡು ಶ್ರವಣಶಕ್ತಿಗೆ ಶಾಶ್ವತ ಹಾನಿ ಮಾಡಬಲ್ಲದು.

ಗುರಿ ಹೊಂದಿಸುವ ಕ್ರಮ

ಸ್ಕೋಪಿನ ತಿರುಪುಗಳನ್ನು ತಯಾರಕರು ಹೇಳಿದಷ್ಟೇ ಬಿಗಿಯಬೇಕು. ಅಂಗುಲ-ಪೌಂಡುಗಳಲ್ಲಿ ಅಳೆಯುವ ಸಣ್ಣ ಸ್ಪ್ಯಾನರೊಂದನ್ನು ಎರವಲಾಗಿಯಾದರೂ ತಂದುಕೊಳ್ಳಿರಿ. ಕೈಯಂದಾಜಿನಿಂದ ಬಿಗಿದ ತಿರುಪು ಸಡಿಲಿ ಗುಂಡು ಅಲೆಯತೊಡಗಿದಾಗ ದೋಷವನ್ನು ರೈಫಲಿನ ಮೇಲೆ ಹೊರಿಸುವವರು ಬಹಳ. ಹಿಡಿಮರವನ್ನು ಹಿಡಿದಿರುವ ತಿರುಪುಗಳನ್ನೂ ಹಾಗೆಯೇ ನೋಡಿಕೊಳ್ಳಿರಿ.

ಮೈದಾನದಲ್ಲಿ ಮೊದಲ ಗುರಿಯನ್ನು 25 ಗಜದಲ್ಲಿಯೇ ಇಡಬೇಕು. ಅಲ್ಲಿ ಗುಂಡು ಕಾಗದದ ಮೇಲೆ ಬೀಳುವುದು ಬಹುಮಟ್ಟಿಗೆ ಖಚಿತವಾದ್ದರಿಂದ ತೋಟಾ ಪೋಲಾಗದು. ಸ್ಕೋಪಿನ ತಿರುಗಣೆಯ ಒಂದು ಕ್ಲಿಕ್ಕು ಸಾಮಾನ್ಯವಾಗಿ 100 ಗಜದಲ್ಲಿ ಗುಂಡನ್ನು ಕಾಲು ಅಂಗುಲ ಸರಿಸುತ್ತದೆ. ಎಂದರೆ 25 ಗಜದಲ್ಲಿ ಅಷ್ಟೇ ಸರಿಸಲು ನಾಲ್ಕು ಕ್ಲಿಕ್ಕುಗಳು ಬೇಕು. ನಡುವಿಗೆ ಬಂದ ಮೇಲೆ 100 ಗಜಕ್ಕೆ ಹೋಗಿ, ರೈಫಲಿನ ಮುಂಭಾಗವನ್ನು ಮರಳಿನ ಚೀಲದ ಮೇಲೆ, ಮ್ಯಾಗಜೀನಿಗೆ ಹತ್ತಿರವಾಗಿ, ಒರಗಿಸಿ ಮೂರು ಮೂರು ಗುಂಡುಗಳನ್ನು ಹಾರಿಸಿರಿ. ಬಳುಕುವ ತುದಿಯನ್ನು ಒರಗಿಸಿದರೆ ಮೇಲೆ ಹೇಳಿದ ದೋಷ ತಲೆದೋರುವುದು. ತೆಳುವಾದ ನಳಿಗೆ ಬೇಗ ಕಾಯುತ್ತದೆ. ಕೈಯಿಟ್ಟರೆ ಬಿಸಿ ತಾಳುವಂತಾಗುವವರೆಗೆ ಮುಂದಿನ ಮೂರನ್ನು ತಡೆಯಿರಿ. ಎರಡು ಮೂರು ತಯಾರಕರ ತೋಟಾಗಳನ್ನು ಹಾರಿಸಿ, ನಿಮ್ಮ ನಳಿಗೆಗೆ ಯಾವುದು ಒಗ್ಗುವುದೆಂದು ಕಂಡುಕೊಂಡು, ಅದನ್ನೇ ಹಿಡಿಯಿರಿ. .308ನ್ನು 100 ಗಜದಲ್ಲಿ ಎರಡು ಅಂಗುಲ ಮೇಲಕ್ಕೆ ಬೀಳುವಂತೆ ಹೊಂದಿಸಿದರೆ ಸುಮಾರು 200 ಗಜದಲ್ಲಿ ಗುಂಡು ಗುರಿಯ ರೇಖೆಗೆ ಮರಳುತ್ತದೆ. 300 ಗಜಕ್ಕೆ ಎಂಟು ಒಂಬತ್ತು ಅಂಗುಲ ಕುಸಿಯುತ್ತದೆ. ಮೊದಲ ವರ್ಷ 300 ಗಜದ ಜಿಂಕೆಯನ್ನು ಕಣ್ತುಂಬ ನೋಡಿ ಬಿಟ್ಟುಬಿಡುವುದೇ ಧರ್ಮ.

ಇಷ್ಟಾದ ಮೇಲೆ ಮೇಜನ್ನು ಬಿಟ್ಟು ಏಳಬೇಕು. ಇಲ್ಲಿಯೇ ಬಹುಮಂದಿ ನಿಲ್ಲಿಸಿಬಿಡುವುದು ನನ್ನನ್ನು ನೋಯಿಸುತ್ತದೆ. ಕಾಡಿನಲ್ಲಿ ಮೇಜಿಲ್ಲ, ಮರಳಿನ ಚೀಲವಿಲ್ಲ. 8 ಅಂಗುಲದ ಕಾಗದದ ತಟ್ಟೆಯೊಂದನ್ನು ಗುರಿಯಾಗಿ ಕಟ್ಟಿ, ಕುಳಿತು, ಮಂಡಿಯೂರಿ, ಊರುಗೋಲಿಗೆ ಒರಗಿಸಿ, ಮರಕ್ಕೆ ಆನಿಸಿ, ಕೊನೆಗೆ ನಿಂತು ಹೊಡೆಯಿರಿ. ಒಂದೊಂದು ಭಂಗಿಯಲ್ಲಿಯೂ ಎಲ್ಲ ಗುಂಡುಗಳೂ ತಟ್ಟೆಯೊಳಗೇ ಬೀಳುವ ಅತಿ ದೂರ ಯಾವುದೋ ಆ ಭಂಗಿಯಲ್ಲಿ ಜಿಂಕೆಯ ಮೇಲೆ ಹಾರಿಸಲು ನಿಮಗಿರುವ ಅಧಿಕಾರ ಅಷ್ಟೇ ದೂರದ್ದು. ಕುಳಿತರೆ 150 ಗಜ, ನಿಂತರೆ 60 ಗಜ ಎಂದು ಬಂದರೆ ಅದನ್ನು ಚೀಟಿಯಲ್ಲಿ ಬರೆದು ಹಿಡಿಮರಕ್ಕೆ ಅಂಟಿಸಿಕೊಳ್ಳಿರಿ. ತೋಟಾ ಒಂದಕ್ಕೆ ಒಂದೂವರೆ ಎರಡು ಡಾಲರ್ ಬೀಳುವುದರಿಂದ, ಇದಕ್ಕೆ ಹಣ ಉಳಿಸಿಕೊಟ್ಟದ್ದೇ ಅಗ್ಗದ ರೈಫಲಿನ ಪರಮ ಪ್ರಯೋಜನ.

ಯಾರಿಗೆ ಬೇಡ

ವರ್ಷಕ್ಕೊಮ್ಮೆಯೂ ಮೈದಾನಕ್ಕೆ ಹೋಗಲು ಬಿಡುವಿಲ್ಲದವರಿಗೆ ಯಾವ ರೈಫಲೂ ಬೇಡ. ಮರದ ಹಿಡಿಯ ಸೌಂದರ್ಯವನ್ನು ಮನಸಾರೆ ಪ್ರೀತಿಸುವವರು, ಮಕ್ಕಳಿಗೆ ಬಿಟ್ಟುಹೋಗುವಂಥದು ಬೇಕೆನ್ನುವವರು ಕಾದು ಹಣ ಕೂಡಿಸಿ ಬೆಲೆಯುಳ್ಳದ್ದನ್ನೇ ಕೊಳ್ಳಲಿ. ಅದು ನ್ಯಾಯವಾದ ಆಸೆ. 800 ಡಾಲರಿನ ಆಸುಪಾಸು ತೆರಬಲ್ಲವರು ಫಿನ್ಲೆಂಡಿನ ಟಿಕ್ಕಾ ಟಿ3ಎಕ್ಸ್ ರೈಫಲನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಲಿ. ಅದರ ಬೋಲ್ಟಿನ ಓಟದ ನುಣುಪು ಅಗ್ಗದವುಗಳಲ್ಲಿ ಸಿಗುವಂಥದಲ್ಲ. ಹಳೆಯ ರೈಫಲು ಕೊಳ್ಳುವವರು ನಳಿಗೆಯ ಮೂತಿಯ ಅಂಚು ಜಜ್ಜಿಲ್ಲವೆಂಬುದನ್ನೂ, ಒಳಗೆ ತುಕ್ಕಿನ ಗುಳಿಗಳಿಲ್ಲವೆಂಬುದನ್ನೂ ನೋಡಬೇಕು. ಸರಣಿ ಸಂಖ್ಯೆಯನ್ನು ಹಿಡಿದು ತಯಾರಕರು ಹಿಂದಕ್ಕೆ ಕರೆಸಿಕೊಂಡ ಪಟ್ಟಿಯಲ್ಲಿ ಅದಿದೆಯೇ ಎಂದು ವಿಚಾರಿಸಬೇಕು. 2006ರ ಮೇಯಿಂದ 2014ರ ಏಪ್ರಿಲ್ ವರೆಗೆ ತಯಾರಾದ, ಎಕ್ಸ್-ಮಾರ್ಕ್ ಪ್ರೊ ಟ್ರಿಗರಿನ ರೆಮಿಂಗ್ಟನ್ 700 ಮತ್ತು ಮಾಡೆಲ್ ಸೆವೆನ್ ರೈಫಲುಗಳನ್ನು, ಟ್ರಿಗರು ಮುಟ್ಟದೆಯೇ ಗುಂಡು ಹಾರುವ ಸಂಭವವಿದ್ದ ಕಾರಣ, ಕಂಪನಿಯೇ ಹಿಂದಕ್ಕೆ ಕರೆಸಿಕೊಂಡಿತ್ತು.

ಮನೆಯಲ್ಲಿ ಇರಿಸುವುದು

ಬೋಲ್ಟನ್ನು ಹೊರತೆಗೆದು ಬೇರೆಡೆ ಬೀಗದೊಳಗೂ, ರೈಫಲನ್ನು ಉಕ್ಕಿನ ಕಪಾಟಿನಲ್ಲಿಯೂ, ತೋಟಾಗಳನ್ನು ಮೂರನೆಯ ಜಾಗದಲ್ಲಿಯೂ ಇಡತಕ್ಕದ್ದು. ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ರಾಜಿಯಿಲ್ಲ. ತಾತ್ಕಾಲಿಕ ವೀಸಾದವರು ಹೆಂಡತಿಯೋ ಗಂಡನೋ ಸ್ವಂತ ಪರವಾನಗಿ ಪಡೆದಿಲ್ಲದಿದ್ದರೆ ಕಪಾಟಿನ ಕೀಲಿಯನ್ನು ಅವರ ಕೈಗೆ ಕೊಡಬಾರದು. ಮಳೆ ಹಿಮಗಳಿಂದ ಮರಳಿದ ದಿನವೇ ನಳಿಗೆಯನ್ನು ಒಣಗಿಸಿ ತೆಳುವಾಗಿ ಎಣ್ಣೆ ಸವರಬೇಕು. ಅಗ್ಗದ ಲೇಪ ತುಕ್ಕನ್ನು ಬಹುಕಾಲ ತಡೆಯದು. ಊರಿಗೆ ಕಾಯಂ ಮರಳುವ ದಿನ ಬಂದರೆ ರೈಫಲನ್ನು ಸಾಮಾನಿನೊಡನೆ ಕಟ್ಟುವ ಯೋಚನೆಯನ್ನೇ ಮಾಡದೆ, ಬೇಟೆಯ ಪರವಾನಗಿ ಇನ್ನೂ ಚಾಲ್ತಿಯಲ್ಲಿರುವಾಗಲೇ ಅಧಿಕೃತ ವ್ಯಾಪಾರಿಗೆ ಒಪ್ಪಿಸಿ ಮಾರಿ, ಸರಣಿ ಸಂಖ್ಯೆಯನ್ನು ನಮೂದಿಸಿದ ರಸೀತಿಯನ್ನು ಪಡೆದು, ಇತರ ಕಾಗದಪತ್ರಗಳೊಡನೆ ಇಟ್ಟುಕೊಳ್ಳಿರಿ.